ಒಂದೇ ಕಾಲಿಗೆ ನಾಲ್ಕು ನಂಬರು

ಕಲಬುರಗಿಯಲ್ಲಿ ಪಾಲಕರು, ಶಾಲಾ ಶಿಕ್ಷಕರು ಮತ್ತು ಕೆಲವು ಚಪ್ಪಲಿ ಅಂಗಡಿಯವರ ಮುಂದೆ ಆಡಿದ ಮಾತಿನ ಬರಹ ರೂಪ.

ನನ್ನ ಕೈಯಲ್ಲಿ ಒಂದು ಬೂಟಿನ ಡಬ್ಬಿ ಇದೆ. ಗಂಡಸರು ಹಾಕುವ ಓಟದ ಬೂಟು, ನೈಕಿ ಕಂಪನಿಯದು. ಬದಿಯಲ್ಲಿ ಅಂಟಿಸಿದ ಚೀಟಿ ಓದುತ್ತೇನೆ, ಕೇಳಿ. ಯುಎಸ್ 9, ಯುಕೆ 8, ಇಯು 42.5, ಸಿಎಂ 27. ಯುಎಸ್ ಅಂದರೆ ಅಮೆರಿಕದ ನಂಬರು, ಯುಕೆ ಇಂಗ್ಲೆಂಡಿನದು, ಇಯು ಯುರೋಪಿನದು, ಸಿಎಂ ಅಂದರೆ ಪಾದದ ಉದ್ದ ಸೆಂಟಿಮೀಟರಿನಲ್ಲಿ. ಒಳಗಿರುವುದು ಒಂದೇ ಜೋಡು. ನಂಬರು ಮಾತ್ರ ನಾಲ್ಕು.

ನೀವು ಬಹಳ ಜನ ಇದರಲ್ಲಿ ಒಂದನ್ನು ಮಾತ್ರ ನೋಡುತ್ತೀರಿ. "ನಂದು ಎಂಟು" ಅನ್ನುತ್ತೀರಿ, ಎಂಟು ಸಿಕ್ಕರೆ ಮುಗಿಯಿತು. ಸೂಪರ್ ಮಾರ್ಕೆಟ್ ಕಡೆ ಅಂಗಡಿಯಲ್ಲಿ ನಿಂತು ಕೊಳ್ಳುವಾಗ ಅಷ್ಟು ಸಾಕು. ಕಾಲು ಹಾಕುತ್ತೀರಿ, ನಾಲ್ಕು ಹೆಜ್ಜೆ ನಡೆಯುತ್ತೀರಿ, ಬಿಗಿಯಾದರೆ "ಒಂಬತ್ತು ಕೊಡ್ರಿ" ಅನ್ನುತ್ತೀರಿ. ತಾಪತ್ರಯ ಶುರುವಾಗುವುದು ಫೋನಿನಲ್ಲಿ ಬೂಟು ತರಿಸುವಾಗ, ದುಬೈನಿಂದ ತಮ್ಮ ಕಳಿಸುವಾಗ, ಅಮೆರಿಕದಿಂದ ಮಗಳು ತರುವಾಗ. ಕಾಲು ಇಲ್ಲಿರುತ್ತದೆ, ಬೂಟು ಅಲ್ಲಿರುತ್ತದೆ. ನಡುವೆ ಇರುವುದು ಒಂದು ನಂಬರು ಅಷ್ಟೇ.

ಆ ನಂಬರನ್ನು ಇನ್ನೊಂದು ದೇಶದ ನಂಬರಿಗೆ ತಿರುಗಿಸಲು ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಪಟ್ಟಿಗಳಿವೆ. ಒಂದಕ್ಕೊಂದು ತಾಳೆಯಾಗುವುದಿಲ್ಲ. ಯಾವುದು ಸರಿ ಅಂತ ಜನ ನನ್ನನ್ನು ಕೇಳುತ್ತಾರೆ. ಯಾವುದೂ ಪೂರ್ತಿ ಸರಿ ಅಲ್ಲ, ಪೂರ್ತಿ ತಪ್ಪೂ ಅಲ್ಲ. ನಂಬರಿನಿಂದ ನಂಬರಿಗೆ ನೇರ ಹೋಗಬೇಡಿ ಅನ್ನುವುದು ನನ್ನ ಮಾತು. ಮೊದಲು ನಿಮ್ಮ ಪಾದ ಎಷ್ಟು ಮಿಲಿಮೀಟರ್ ಅಂತ ತಿಳಿದುಕೊಳ್ಳಿ. ಅಲ್ಲಿಂದ ಆ ಕಂಪನಿಯ ಪಟ್ಟಿಗೆ ಹೋಗಿ. ಯಾಕೆ ಅಂತ ಹೇಳಲು ಸ್ವಲ್ಪ ಲೆಕ್ಕ ಬೇಕು. ಹೆದರಬೇಡಿ, ಕೂಡಿಸುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಫರ್ಮಾ ಅಂದರೆ ಏನು ನೋಡೋಣ. ಬೂಟು ಹೊಲಿಯುವವರ ಹತ್ತಿರ ಪಾದದ ಆಕಾರದ ಒಂದು ಅಚ್ಚು ಇರುತ್ತದೆ. ಹಿಂದೆ ಕಟ್ಟಿಗೆಯದು, ಈಗ ಕಾರ್ಖಾನೆಯಲ್ಲಿ ಪ್ಲಾಸ್ಟಿಕ್ಕಿನದು. ಅದರ ಮೇಲೆ ಚರ್ಮ ಎಳೆದು ಕೂರಿಸಿ ಬೂಟು ಮಾಡುತ್ತಾರೆ. ಇಂಗ್ಲಿಷಿನವರು ಅದನ್ನು ಲಾಸ್ಟ್ ಅನ್ನುತ್ತಾರೆ. ಈ ಫರ್ಮಾ ನಿಮ್ಮ ಪಾದಕ್ಕಿಂತ ಉದ್ದ ಇರಲೇಬೇಕು. ನಡೆಯುವಾಗ ಪಾದ ಮುಂದೆ ಜರುಗುತ್ತದೆ, ಬೆರಳಿಗೆ ಜಾಗ ಬೇಕು. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಸ್ತಿ ಇಡುತ್ತಾರೆ. ಮೂತಿ ಚೂಪಾದ ಆಫೀಸ್ ಬೂಟಿಗೆ ಇನ್ನೂ ಜಾಸ್ತಿ, ಯಾಕೆಂದರೆ ಆ ತುದಿಯಲ್ಲಿ ಬೆರಳು ಇಳಿಯುವುದೇ ಇಲ್ಲ.

ಈಗ ಇದೊಂದು ನೆನಪಿಡಿ. ಇಂಗ್ಲೆಂಡ್, ಅಮೆರಿಕ, ಯುರೋಪಿನ ನಂಬರುಗಳು ಮೂಲದಲ್ಲಿ ಅಳೆಯುವುದು ಫರ್ಮಾವನ್ನು. ಜಪಾನ್, ಕೊರಿಯಾ, ಚೀನಾದವು ಅಳೆಯುವುದು ಪಾದವನ್ನು. ಒಬ್ಬರು ಪೆಟ್ಟಿಗೆ ಅಳೆಯುತ್ತಿದ್ದಾರೆ, ಇನ್ನೊಬ್ಬರು ಒಳಗಿನ ಸಾಮಾನು ಅಳೆಯುತ್ತಿದ್ದಾರೆ. ನಡುವಿನ ಖಾಲಿ ಜಾಗ ಎಷ್ಟು ಅಂತ ಬೂಟು ಮಾಡಿದವನಿಗೆ ಮಾತ್ರ ಗೊತ್ತು. ಪಟ್ಟಿಗಳು ತಾಳೆಯಾಗದೇ ಇರುವುದಕ್ಕೆ ದೊಡ್ಡ ಕಾರಣ ಇದೇ.

ನಮ್ಮ ಕಡೆ ಮೊದಲು ಇಂಥ ನಂಬರು ಬೇಕಾಗಿರಲಿಲ್ಲ ಅಲ್ವಾ? ಊರಿನ ಸಮಗಾರರ ಮನೆಗೆ ಹೋದರೆ ಕಾಲು ಇಡಿಸಿ ಸುತ್ತಲೂ ಗೆರೆ ಎಳೆಯುತ್ತಿದ್ದರು. ಬೆರಳಿನ ಬುಡದಲ್ಲಿ ಪಟ್ಟಿ ಸುತ್ತಿ ಅಗಲ ನೋಡುತ್ತಿದ್ದರು. ಬಸವಕಲ್ಯಾಣದ ಹರಳಯ್ಯ, ಕಲ್ಯಾಣಮ್ಮ ದಂಪತಿಯ ಕತೆ ಕೇಳದವರು ಈ ಭಾಗದಲ್ಲಿ ಯಾರೂ ಇಲ್ಲ. ಬಸವಣ್ಣನವರಿಗೆಂದೇ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿದರು ಅನ್ನುತ್ತದೆ ಆ ಕತೆ. ಒಬ್ಬರ ಪಾದಕ್ಕೆ ಒಂದು ಜೋಡು. ಯಾರದೆಂದು ಗೊತ್ತಿಲ್ಲದ ಕಾಲಿಗೆ ಸಾವಿರಗಟ್ಟಲೆ ಜೋಡು ಮಾಡಿಡುವ ಕಾಲ ಬಂದ ಮೇಲೆ ನಂಬರಿಲ್ಲದೆ ನಡೆಯುವುದಿಲ್ಲ ಅಂತಾಯಿತು.

ಇಂಗ್ಲೆಂಡಿನ ಲೆಕ್ಕದಿಂದ ಶುರು ಮಾಡೋಣ, ಯಾಕೆಂದರೆ ನಮ್ಮ ಅಂಗಡಿಗಳಲ್ಲಿ ನಡೆಯುವುದು ಅದೇ. ಅವರ ಅಳತೆಯ ಬುಡದಲ್ಲಿ ಇರುವುದು ಜವೆಗೋಧಿ ಕಾಳು. ಮೂರು ಕಾಳು ಉದ್ದಕ್ಕೆ ಸಾಲಾಗಿ ಇಟ್ಟರೆ ಒಂದು ಇಂಚು. ಎರಡನೇ ಎಡ್ವರ್ಡ್ ದೊರೆಯ ಕಾಲದಲ್ಲಿ, 1324ರಲ್ಲಿ, ಇದು ಕಾನೂನಾಯಿತು ಅಂತ ರೂಢಿಯಲ್ಲಿ ಹೇಳುತ್ತಾರೆ. ಬೂಟಿನ ನಂಬರು ಒಂದು ಏರಿದರೆ ಫರ್ಮಾ ಒಂದು ಕಾಳಿನಷ್ಟು ಉದ್ದ ಆಗುತ್ತದೆ. ಅಂದರೆ ಇಂಚಿನ ಮೂರನೇ ಒಂದು ಭಾಗ, 8.46 ಮಿಲಿಮೀಟರ್. ಅರ್ಧ ನಂಬರು ಅಂದರೆ 4.23 ಮಿಲಿಮೀಟರ್. ನಮ್ಮ ಕಡೆಯ ಬಿಳಿ ಜೋಳದ ಒಂದು ಕಾಳು ಇದೆಯಲ್ಲ, ಹೆಚ್ಚು ಕಡಿಮೆ ಅಷ್ಟು. ಏಳು ಬಿಗಿ, ಏಳೂವರೆ ಸರಿ ಅಂದಾಗ ನೀವು ಕೇಳುತ್ತಿರುವುದು ಒಂದು ಜೋಳದ ಕಾಳಿನಷ್ಟು ಜಾಗ.

ಕಾಳಿನಿಂದ ಅಳೆಯುವುದು ಅವರೊಬ್ಬರದೇ ರೂಢಿ ಅಂದುಕೊಳ್ಳಬೇಡಿ. ಕೌಟಿಲ್ಯನ ಲೆಕ್ಕದಲ್ಲಿ ಎಂಟು ಜವೆ ಕಾಳಿನ ನಡು ಅಗಲ ಕೂಡಿದರೆ ಒಂದು ಅಂಗುಲ. ಅವರು ಕಾಳನ್ನು ಉದ್ದಕ್ಕೆ ಮಲಗಿಸಿದರು, ನಮ್ಮವರು ಅಡ್ಡಕ್ಕೆ ಜೋಡಿಸಿದರು.

ಇರಲಿ, ಬೂಟಿಗೆ ಬರೋಣ. ಇಂಗ್ಲೆಂಡಿನ ಮಕ್ಕಳ ಸೊನ್ನೆ ನಂಬರು ಶುರುವಾಗುವುದು 4 ಇಂಚಿಗೆ. ಅಲ್ಲಿಂದ ಒಂದೊಂದು ಕಾಳಿನಂತೆ ಏರಿ 13ಕ್ಕೆ ಬಂದು ನಿಲ್ಲುತ್ತದೆ. ಆಮೇಲೆ 14 ಬರುವುದಿಲ್ಲ. ಮತ್ತೆ 1 ಬರುತ್ತದೆ. ಇದು ದೊಡ್ಡವರ ಒಂದು. ಹಾಗಾಗಿ ಹತ್ತು ನಂಬರಿನ ಬೂಟು ಎರಡು ಥರ ಇವೆ. ಮಕ್ಕಳ ಹತ್ತರ ಫರ್ಮಾ ಸುಮಾರು 18.6 ಸೆಂಟಿಮೀಟರ್, ದೊಡ್ಡವರ ಹತ್ತರದು 29.6. ನಡುವೆ 11 ಸೆಂಟಿಮೀಟರ್ ಅಂತರ! ಒಬ್ಬ ಪರಿಚಯದವರು ಒಂದನೇ ತರಗತಿಯ ಮಗನಿಗೆ ಆನ್‌ಲೈನ್‌ನಲ್ಲಿ ಹತ್ತು ನಂಬರಿನ ಕಪ್ಪು ಬೂಟು ಒತ್ತಿದರು. ಬಂದದ್ದನ್ನು ಮಗನ ಅಜ್ಜ ಹಾಕಿಕೊಂಡು ಓಡಾಡುತ್ತಿದ್ದಾರೆ. ಮಕ್ಕಳ ಬೂಟು ತರಿಸುವಾಗ ನಂಬರಿನ ಪಕ್ಕದಲ್ಲಿ ಕಿಡ್ಸ್ ಅಂತಲೋ, ಬರೀ ಸಿ ಅಕ್ಷರವೋ ಇದೆಯಾ ನೋಡಿ.

ದೊಡ್ಡವರ ನಂಬರಿನ ಲೆಕ್ಕ ಹೀಗಿದೆ. ನಂಬರಿಗೆ 25 ಕೂಡಿಸಿ, ಮೂರರಿಂದ ಭಾಗಿಸಿ. ಬಂದದ್ದು ಫರ್ಮಾದ ಇಂಚು. ಎಂಟಕ್ಕೆ 25 ಕೂಡಿಸಿದರೆ 33, ಮೂರರಿಂದ ಭಾಗಿಸಿದರೆ 11 ಇಂಚು. ಐದಕ್ಕೆ ಹೀಗೇ ಮಾಡಿದರೆ ಸರಿಯಾಗಿ 10 ಇಂಚು. ಹನ್ನೊಂದಕ್ಕೆ 12 ಇಂಚು, ಅಂದರೆ ಒಂದು ಅಡಿ. ಐದು, ಎಂಟು, ಹನ್ನೊಂದು. ಈ ಮೂರು ನೆನಪಿದ್ದರೆ ಉಳಿದದ್ದನ್ನು ಬೆರಳಲ್ಲೇ ಎಣಿಸಬಹುದು.

ಅಮೆರಿಕದವರು ಇದೇ ಕಾಳನ್ನು ಇಟ್ಟುಕೊಂಡರು. ಎಣಿಕೆ ಶುರು ಮಾಡುವ ಜಾಗ ಮಾತ್ರ ಬೇರೆ. ಅವರ ಗಂಡಸರ ನಂಬರು ನಮ್ಮದಕ್ಕಿಂತ ಸುಮಾರು ಒಂದು ಜಾಸ್ತಿ. ನಮ್ಮ 8 ಅವರ 9. ಹೆಂಗಸರ ನಂಬರಿಗೆ ಇನ್ನೊಂದು ಎಣಿಕೆ ಇದೆ. ಅದು ನಮ್ಮದಕ್ಕಿಂತ ಸಾಮಾನ್ಯವಾಗಿ ಎರಡು ಜಾಸ್ತಿ, ಕೆಲವು ಕಂಪನಿಗಳಲ್ಲಿ ಒಂದೂವರೆ. ಇಂಗ್ಲೆಂಡಿನ ಲೆಕ್ಕದಲ್ಲಿ ಹೆಣ್ಣು ಗಂಡು ಎರಡಕ್ಕೂ ಒಂದೇ ಎಣಿಕೆ. ಅಮೆರಿಕದಲ್ಲಿ ಏಳು ಅಂದರೆ ಯಾರ ಏಳು ಅಂತ ಕೇಳಲೇಬೇಕು. ಗಂಡಸರ ಏಳು ನಮ್ಮ ಆರು, ಹೆಂಗಸರ ಏಳು ನಮ್ಮ ಐದು.

ಆಳಂದ ಕಡೆಯ ತಾಯಿಯೊಬ್ಬರು ನಮ್ಮ ಅಂಗಡಿಗೆ ಒಂದು ಡಬ್ಬಿ ಹಿಡಿದುಕೊಂಡು ಬಂದಿದ್ದರು. "ಮಗಳು ಅಮೆರಿಕಾದಿಂದ ಕಳಿಸ್ಯಾಳ್ರಿ. ನಂದು ಐದು ನಂಬರ್ ಅಂತ ಅಕಿಗಿ ಗೊತ್ತದ. ಏಳು ಕಳಿಸ್ಯಾಳ. ಇದ್ನ ತೊಗೊಂಡು ಬ್ಯಾರೆ ಕೊಡ್ರಿ" ಅಂದರು. ಡಬ್ಬಿ ಬಿಚ್ಚೇ ಇರಲಿಲ್ಲ. "ಅಕ್ಕೋರೆ, ಮೊದ್ಲು ಕಾಲಿಗಿ ಹಾಕ್ಕೊಂಡು ನೋಡ್ರಿ" ಅಂದೆ. ಹಾಕಿಕೊಂಡರು. ಅಳತೆ ತೆಗೆದು ಮಾಡಿದ ಹಾಗೆ ಕೂತಿತ್ತು. ಮಗಳು ತಾಯಿಯ ಐದನ್ನು ಸರಿಯಾಗಿಯೇ ಏಳು ಮಾಡಿದ್ದಳು.

ಯುರೋಪಿನವರು ಕಾಳನ್ನು ಬಿಟ್ಟು ಸೆಂಟಿಮೀಟರ್ ಹಿಡಿದರು. ಅವರ ಅಳತೆಗೆ ಪ್ಯಾರಿಸ್ ಪಾಯಿಂಟ್ ಅಂತ ಹೆಸರು. ಒಂದು ಪಾಯಿಂಟ್ ಅಂದರೆ ಸೆಂಟಿಮೀಟರಿನ ಮೂರರಲ್ಲಿ ಎರಡು ಭಾಗ, 6.67 ಮಿಲಿಮೀಟರ್. ಸೊನ್ನೆಯಿಂದ ಶುರುವಾಗಿ ಸೀದಾ ಏರುತ್ತದೆ. ಮಕ್ಕಳದು, ದೊಡ್ಡವರದು, ಹೆಂಗಸರದು, ಗಂಡಸರದು ಎಲ್ಲಾ ಒಂದೇ ಸಾಲು. ಫರ್ಮಾದ ಸೆಂಟಿಮೀಟರನ್ನು ಒಂದೂವರೆಯಿಂದ ಗುಣಿಸಿದರೆ ನಂಬರು ಸಿಗುತ್ತದೆ. ನಾಲ್ಕರಲ್ಲಿ ನನಗೆ ಮೆಚ್ಚುಗೆಯಾದದ್ದು ಇದು, ಎಲ್ಲೂ ತಿರುಗಿ ಒಂದಕ್ಕೆ ಬರುವ ಕಾಟ ಇಲ್ಲ. ದುಬೈ, ಸೌದಿಯ ಅಂಗಡಿಗಳಲ್ಲೂ ಹೆಚ್ಚಾಗಿ ಇದೇ ನಂಬರು ಕಾಣುತ್ತೀರಿ.

ನಮ್ಮ ಅಂಗಡಿಯವರಲ್ಲಿ ಒಂದು ಮಾತಿದೆ: 34 ಕೂಡಿಸಿದರೆ ಇಯು ಬಂತು. ಆರಕ್ಕೆ 40, ಏಳಕ್ಕೆ 41, ಎಂಟಕ್ಕೆ 42. ಗಂಡಸರ ಮಾಮೂಲಿ ನಂಬರಿಗೆ ನಡೆಯುತ್ತದೆ. ಎಂಟನ್ನೇ ಲೆಕ್ಕ ಹಾಕಿ ನೋಡಿ. 11 ಇಂಚು ಅಂದರೆ 27.94 ಸೆಂಟಿಮೀಟರ್. ಒಂದೂವರೆಯಿಂದ ಗುಣಿಸಿದರೆ 41.9. ಸರಿ, 42. ಆದರೆ ಒಂದು ಕಾಳು 8.46 ಮಿಲಿಮೀಟರ್, ಒಂದು ಪಾಯಿಂಟ್ 6.67. ಎರಡೂ ಒಂದೇ ಹೆಜ್ಜೆ ಹಾಕುವುದಿಲ್ಲ. ನಾಲ್ಕು ಕಾಳು ಏರುವಷ್ಟರಲ್ಲಿ ಐದು ಪಾಯಿಂಟ್ ಏರಿರುತ್ತದೆ. ಹಾಗಾಗಿ ನಡುವಿನಿಂದ ದೂರ ಹೋದಷ್ಟೂ 34ರ ಸೂತ್ರ ಜಾರುತ್ತದೆ. ಹೆಂಗಸರ ಮೂರು ನಂಬರಿಗೆ 34 ಕೂಡಿಸಿದರೆ 37 ಬರುತ್ತದೆ, ಲೆಕ್ಕ ಹಾಕಿದರೆ ಮೂವತ್ತೈದೂವರೆ. ಆ ಕಡೆ ಗಂಡಸರ ಹನ್ನೆರಡಕ್ಕೆ ಸೂತ್ರ 46 ಅನ್ನುತ್ತದೆ, ಲೆಕ್ಕ 47 ಅನ್ನುತ್ತದೆ. ಸಣ್ಣ ಪಾದದವರು ದೊಡ್ಡ ಬೂಟಿನಲ್ಲಿ ತೇಲುತ್ತಾರೆ, ದೊಡ್ಡ ಪಾದದವರ ಬೆರಳು ಮಡಚುತ್ತದೆ.

ಇನ್ನೂ ಒಂದು ತಮಾಷೆ ಇದೆ. ಅಡಿಡಾಸ್ ಡಬ್ಬಿ ನೋಡಿದವರು ಕೈ ಎತ್ತಿ. ಅದರ ಮೇಲೆ ಇಯು 41 ಮತ್ತು ಮೂರನೇ ಒಂದು, 42 ಮತ್ತು ಮೂರನೇ ಎರಡು ಅಂತೆಲ್ಲ ಇರುತ್ತದೆ. ಬೂಟಿಗೆ ಭಿನ್ನರಾಶಿ ಯಾಕೆ ಅಂತ ಮಕ್ಕಳು ಕೇಳುತ್ತಾರೆ. ಅವರ ಬೂಟು ಅರ್ಧರ್ಧ ಇಂಗ್ಲಿಷ್ ನಂಬರಿನಂತೆ ಏರುತ್ತದೆ. ಅರ್ಧ ನಂಬರು 4.23 ಮಿಲಿಮೀಟರ್, ಪ್ಯಾರಿಸ್ ಪಾಯಿಂಟಿನ ಸುಮಾರು ಮೂರರಲ್ಲಿ ಎರಡು ಭಾಗ. ಅದನ್ನು ಹಾಗೇ ಬರೆದಿದ್ದಾರೆ. ನೈಕಿಯವರು ಅದನ್ನೇ ಹತ್ತಿರದ ಅರ್ಧಕ್ಕೋ ಪೂರ್ತಿಗೋ ತಂದು 41, 42, 42.5 ಅಂತ ಬರೆಯುತ್ತಾರೆ.

ಇಬ್ಬರಲ್ಲೂ 26 ಸೆಂಟಿಮೀಟರ್ ಅಂತ ಬರೆದ ಗಂಡಸರ ಬೂಟು ತೆಗೆದು ನೋಡಿ. ಇಬ್ಬರದರಲ್ಲೂ ಯುಎಸ್ 8. ಯುಕೆ ಮಾತ್ರ ನೈಕಿಯಲ್ಲಿ 7, ಅಡಿಡಾಸ್‌ನಲ್ಲಿ 7.5. ಒಂದೇ ಪಾದ, ಒಂದೇ ದೇಶದ ನಂಬರು, ಎರಡು ಉತ್ತರ. ಇದರಲ್ಲಿ ಯಾರದೂ ಮೋಸ ಇಲ್ಲ. ಯುಎಸ್ ಮತ್ತು ಯುಕೆ ನಡುವೆ ಒಬ್ಬರು ಒಂದು ನಂಬರಿನ ಅಂತರ ಹಿಡಿದರು, ಇನ್ನೊಬ್ಬರು ಅರ್ಧ ಹಿಡಿದರು. ನೈಕಿಯಲ್ಲಿ ಏಳು ಸರಿ ಹೋಯಿತು ಅಂತ ಅಡಿಡಾಸ್‌ನಲ್ಲೂ ಏಳೇ ತರಿಸಿದರೆ ಬೆರಳು ತುದಿಗೆ ತಾಗುತ್ತದೆ. ಅಂಗಡಿಯಲ್ಲಿ ನಾನು ದಿನಾ ಕೇಳುವ ಮಾತು "ನಂದು ಯಾವಾಗ್ಲೂ ಏಳೇ ರೀ." ಕಾಲು ಯಾವಾಗಲೂ ಅಷ್ಟೇ ಇರಬಹುದು. ಏಳು ಹಾಗಿರುವುದಿಲ್ಲ.

ಈಗ ನನ್ನ ಕೈಯಲ್ಲಿರುವ ಡಬ್ಬಿಯನ್ನೇ ಲೆಕ್ಕಕ್ಕೆ ಹಿಡಿಯೋಣ. ಯುಕೆ 8 ಅಂದರೆ ಫರ್ಮಾ 27.94 ಸೆಂಟಿಮೀಟರ್ ಇರಬೇಕು. ಯುಎಸ್ 9ಕ್ಕೆ ಲೆಕ್ಕ ಹಾಕಿದರೂ ಅಷ್ಟೇ ಬರುತ್ತದೆ. ಇಯು 42.5 ಅಂದರೆ, ಒಂದೂವರೆಯಿಂದ ಭಾಗಿಸಿ, 28.33 ಇರಬೇಕು. ಒಂದೇ ಡಬ್ಬಿಯ ಒಂದೇ ಚೀಟಿಯಲ್ಲಿ ಸುಮಾರು 4 ಮಿಲಿಮೀಟರ್ ವ್ಯತ್ಯಾಸ! ಇನ್ನು ಪಾದ 27 ಅಂತ ಬರೆದಿದೆ. ಯುಕೆ ಲೆಕ್ಕ ನಂಬಿದರೆ ಬೆರಳಿಗೆ ಉಳಿಯುವ ಜಾಗ ಒಂದು ಸೆಂಟಿಮೀಟರೂ ಇಲ್ಲ. ನಾನು ಆಗ ಹೇಳಿದ ಒಂದೂವರೆ ಸೆಂಟಿಮೀಟರ್ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ಇವತ್ತಿನ ಕಂಪನಿಗಳು ಹಳೇ ಸೂತ್ರ ಹಿಡಿದು ಫರ್ಮಾ ಕೆತ್ತುವುದಿಲ್ಲ. ತಮ್ಮ ಅಂದಾಜಿನಂತೆ ಬೂಟು ಮಾಡಿ ರೂಢಿಯ ನಂಬರು ಅಂಟಿಸುತ್ತಾರೆ. ಹಾಗಾಗಿ ಸೂತ್ರದಿಂದ ಯಾವ ಓಣಿ ಅಂತ ಗೊತ್ತಾಗುತ್ತದೆ, ಮನೆ ಯಾವುದು ಅಂತ ಕಂಪನಿಯ ಪಟ್ಟಿಯನ್ನೇ ಕೇಳಬೇಕು.

ಪಾದವನ್ನು ಅಳೆಯುವ ದೇಶಗಳ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ಗೊಂದಲ ಕಡಿಮೆ. ಜಪಾನಿನವರು ಪಾದದ ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆಯುತ್ತಾರೆ: 25.5, 26, 27. ಕೊರಿಯಾದವರು ಅದನ್ನೇ ಮಿಲಿಮೀಟರಿನಲ್ಲಿ: 255, 260, 270. ಚೀನಾದವರದೂ ಮಿಲಿಮೀಟರೇ. ಮಾಂಡೋಪಾಯಿಂಟ್ ಅಂತ ಒಂದು ಅಂತರರಾಷ್ಟ್ರೀಯ ಪದ್ಧತಿ ಇದೆ, ಐಎಸ್‌ಒ 9407 ಅನ್ನುವುದು ಅದರ ಮಾನಕ. ಅದರಲ್ಲಿ ಪಾದದ ಉದ್ದ, ಅಗಲ ಎರಡನ್ನೂ ಮಿಲಿಮೀಟರಿನಲ್ಲಿ ಬರೆಯುತ್ತಾರೆ. ನೇಟೊ ಸೈನ್ಯಗಳ ಬೂಟಿಗೆ, ಹಿಮದ ಮೇಲೆ ಜಾರುವವರ ಬೂಟಿಗೆ ಇದೇ ಬಳಕೆಯಲ್ಲಿದೆ. ನನ್ನನ್ನು ಕೇಳಿದರೆ ಜಗತ್ತಿಗೆಲ್ಲ ಇದೊಂದೇ ಸಾಕು. ಆದರೆ ಅಂಗಡಿಗೆ ಬಂದು "ಇನ್ನೂರಾ ಅರವತ್ತೈದು ಕೊಡ್ರಿ" ಅನ್ನುವ ಗಿರಾಕಿ ಇನ್ನೂ ಹುಟ್ಟಿಲ್ಲ.

ಒಂದು ಎಚ್ಚರ ಹೇಳಿಬಿಡುತ್ತೇನೆ. ಕೆಲವು ಆನ್‌ಲೈನ್ ಮಾರಾಟಗಾರರು ಬರೀ "27 ಸೆಂ.ಮೀ." ಅಂತ ಬರೆದಿರುತ್ತಾರೆ. ಅದು ಪಾದದ್ದಾ, ಒಳ ಹಾಸಿನದ್ದಾ, ಹೊರಗಿನ ಅಟ್ಟೆಯದ್ದಾ ಅಂತ ಹೇಳಿರುವುದಿಲ್ಲ. ಅಟ್ಟೆ 27 ಇರುವ ಬೂಟಿನಲ್ಲಿ 27ರ ಪಾದ ಹೋಗುವುದೇ ಇಲ್ಲ. ಕೇಳಿ, ಉತ್ತರ ಬರದಿದ್ದರೆ ಬಿಟ್ಟುಬಿಡಿ.

ಈಗ ಅಳೆಯುವುದು ಹೇಗೆ. ಇದಕ್ಕೆಂದೇ ಒಂದು ಸಲಕರಣೆ ಇದೆ. ಬೂಟಿನ ಅಂಗಡಿಯವರ ಮಗನಾದ ಚಾರ್ಲ್ಸ್ ಬ್ರಾನಾಕ್ ಅನ್ನುವವರು 1920ರ ದಶಕದಲ್ಲಿ ಅಮೆರಿಕದ ಸಿರಾಕ್ಯೂಸ್ ಊರಿನಲ್ಲಿ ಮಾಡಿದ್ದು. ಲೋಹದ ತಟ್ಟೆ, ಅದರ ಮೇಲೆ ಜಾರುವ ಪಟ್ಟಿಗಳು. ಅದು ಹಿಮ್ಮಡಿಯಿಂದ ಬೆರಳ ತುದಿಯವರೆಗೆ ಅಳೆಯುವುದರ ಜೊತೆಗೆ ಹಿಮ್ಮಡಿಯಿಂದ ಹೆಬ್ಬೆರಳ ಬುಡದ ಗಂಟಿನವರೆಗೂ ಅಳೆಯುತ್ತದೆ. ಬೂಟು ಮಡಚುವುದು ಅಲ್ಲೇ, ಹಾಗಾಗಿ ಅದು ಮುಖ್ಯ. ನಮ್ಮ ಮನೆಗಳಲ್ಲಿ ಅದು ಬೇಕಿಲ್ಲ. ಕಾಗದ, ಪೆನ್ಸಿಲ್ಲು, ಸ್ಕೇಲು ಸಾಕು.

ಶಹಾಬಾದ್ ಫರಸಿ ಹಾಕಿದ ನೆಲ ಇದ್ದರೆ ಒಂದು ಫರಸಿಯ ನಟ್ಟನಡುವೆ ಕಾಗದ ಹಾಸಿ. ಎರಡು ಫರಸಿಯ ಸಂದಿನ ಮೇಲೆ ಬೇಡ, ಪೆನ್ಸಿಲ್ಲು ಕುಣಿಯುತ್ತದೆ. ಹಿಂದೆ ಗೋಡೆ ಇರಲಿ. ಗೋಡೆಯ ಬುಡ ಸೊಟ್ಟ ಇದ್ದರೆ ಒಂದು ಇಟ್ಟಿಗೆಯನ್ನೋ ದಪ್ಪ ಪುಸ್ತಕವನ್ನೋ ನೆಟ್ಟಗೆ ನಿಲ್ಲಿಸಿ, ಹಿಮ್ಮಡಿ ಅದಕ್ಕೆ ತಾಗಿಸಿ. ಕೂತು ಅಳೆಯಬೇಡಿ. ಎರಡೂ ಕಾಲಿನ ಮೇಲೆ ಭಾರ ಬಿಟ್ಟು ನಿಲ್ಲಿ, ಭಾರ ಬಿದ್ದಾಗ ಪಾದ ಹಿಗ್ಗುತ್ತದೆ. ಬಗ್ಗಿ ನೀವೇ ಗುರುತು ಹಾಕಬೇಡಿ, ಬಗ್ಗಿದರೆ ಹಿಮ್ಮಡಿ ಜರುಗುತ್ತದೆ. ಮನೆಯವರಿಗೆ ಪೆನ್ಸಿಲ್ಲು ಕೊಡಿ. ಪೆನ್ಸಿಲ್ಲು ನೆಟ್ಟಗಿರಬೇಕು. ಒಳಗೆ ವಾಲಿಸಿದರೆ ಮೂರು ನಾಲ್ಕು ಮಿಲಿಮೀಟರ್ ಹೋಯಿತು, ಅಂದರೆ ಅರ್ಧ ನಂಬರು ಹೋಯಿತು. ಎಲ್ಲಕ್ಕಿಂತ ಉದ್ದ ಇರುವ ಬೆರಳಿನ ತುದಿಗೆ ಗುರುತು ಹಾಕಿ. ಅದು ಹೆಬ್ಬೆರಳೇ ಆಗಬೇಕೆಂದಿಲ್ಲ, ಬಹಳ ಜನರಿಗೆ ಎರಡನೇ ಬೆರಳು ಉದ್ದ. ಎರಡೂ ಪಾದ ಅಳೆಯಿರಿ. ದೊಡ್ಡದು ಯಾವುದೋ ಅದೇ ನಿಮ್ಮ ಅಳತೆ.

ಅಳೆಯುವ ಹೊತ್ತೂ ಮುಖ್ಯ. ಬೆಳಗ್ಗೆ ಎದ್ದಾಗಿನ ಪಾದ ಬೇರೆ, ಸಂಜೆಯ ಪಾದ ಬೇರೆ. ನಿಂತು, ನಡೆದು, ಕಾಲು ಊದಿರುತ್ತದೆ. ಅದರಲ್ಲೂ ನಮ್ಮ ಕಲಬುರಗಿ, ಯಾದಗಿರಿ ಬಿಸಿಲಿನಲ್ಲಿ, ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ, ಸಂಜೆ ಚಪ್ಪಲಿಯ ಪಟ್ಟಿ ಚರ್ಮದ ಮೇಲೆ ಅಚ್ಚು ಬಿಟ್ಟಿರುತ್ತದೆ. ಸಂಜೆ ಅಳೆಯಿರಿ. ಯಾವ ಸಾಕ್ಸ್ ಹಾಕುತ್ತೀರೋ ಅದೇ ಹಾಕಿಕೊಂಡು ಅಳೆಯಿರಿ.

ಬಂದ ಮಿಲಿಮೀಟರನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಿಮ್ಮದು 260 ಅನ್ನಿ. ಒಂದೂವರೆ ಸೆಂಟಿಮೀಟರ್ ಕೂಡಿಸಿ, 27.5. ಒಂದೂವರೆಯಿಂದ ಗುಣಿಸಿದರೆ ಇಯು 41 ಹತ್ತಿರ. ಇಂಚಿಗೆ ತಿರುಗಿಸಿ, ಮೂರರಿಂದ ಗುಣಿಸಿ, 25 ಕಳೆದರೆ ಯುಕೆ ಏಳೂವರೆ ಹತ್ತಿರ. ಓಣಿ ಸಿಕ್ಕಿತು. ಈಗ ಕಂಪನಿಯ ಪಟ್ಟಿ ತೆರೆದು 26 ಸೆಂಟಿಮೀಟರ್ ಎದುರು ಏನಿದೆ ನೋಡಿ, ಅದನ್ನು ಒತ್ತಿ.

ಇಷ್ಟೆಲ್ಲ ಮಾಡಿದರೂ ಬೂಟು ಕಚ್ಚುತ್ತದೆ ಅನ್ನುವವರು ಇದ್ದೀರಿ. ಅದಕ್ಕೆ ಉದ್ದ ಕಾರಣ ಅಲ್ಲ, ಅಗಲ. ನಾವು ಮಾತಾಡಿದ ನಂಬರೆಲ್ಲ ಬರೀ ಉದ್ದದ್ದು. ಬರಿಗಾಲಲ್ಲಿ, ತೆರೆದ ಚಪ್ಪಲಿಯಲ್ಲಿ ನಡೆದು ಬೆಳೆದವರ ಪಾದ ಮುಂದೆ ಅಗಲವಾಗಿರುತ್ತದೆ, ಬೆರಳು ಬಿಡಿಸಿಕೊಂಡಿರುತ್ತವೆ. ಹೊಲದಲ್ಲಿ ದುಡಿದವರ ಪಾದ ನೋಡಿದರೆ ಗೊತ್ತಾಗುತ್ತದೆ. ಸಪೂರ ಪಾದಕ್ಕೆ ಮಾಡಿದ ಬೂಟಿನಲ್ಲಿ ಅದು ಹಿಡಿಯುವುದಿಲ್ಲ. ಆಗ ನಾವೆಲ್ಲ ಏನು ಮಾಡುತ್ತೇವೆ? ಒಂದು ನಂಬರು ದೊಡ್ಡದು ತೊಗೊಳ್ಳುತ್ತೇವೆ. ಅಗಲ ಸರಿಹೋಗುತ್ತದೆ, ಉದ್ದ ಕೆಡುತ್ತದೆ. ಬೂಟು ಮಡಚುವ ಜಾಗ ಒಂದು ಕಡೆ, ಪಾದ ಮಡಚುವ ಜಾಗ ಇನ್ನೊಂದು ಕಡೆ. ಹಿಮ್ಮಡಿ ಪಟಪಟ ಅಂತ ಎದ್ದು ಬೀಳುತ್ತದೆ, ಅಲ್ಲಿ ಬೊಬ್ಬೆ ಬರುತ್ತದೆ. ಅದರ ಬದಲು ಅಗಲದ ಬೂಟು ಕೇಳಿ. ಜಪಾನಿನ ಬೂಟಿನಲ್ಲಿ ಇ, 2ಇ, 3ಇ, 4ಇ ಅಂತ ಇರುತ್ತದೆ, ಇ ಏರಿದಷ್ಟೂ ಅಗಲ. ಅಮೆರಿಕದ್ದರಲ್ಲಿ ಗಂಡಸರಿಗೆ ಡಿ ಮಾಮೂಲಿ ಅಗಲ, ಹೆಂಗಸರಿಗೆ ಬಿ.

ನಮ್ಮ ಪಾದಕ್ಕೆ ನಮ್ಮದೇ ನಂಬರು ಬೇಡವೇ ಅಂತ ನೀವು ಕೇಳಬಹುದು. ಆ ಕೆಲಸ ಶುರುವಾಗಿದೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದ ಬೇರೆ ಬೇರೆ ಕಡೆ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದವನ್ನು ಮೂರು ಆಯಾಮದ ಸ್ಕ್ಯಾನರ್‌ನಲ್ಲಿ ಅಳೆದರು. ಅದರ ಮೇಲೆ 'ಭಾ' ಅನ್ನುವ ಹೊಸ ಪದ್ಧತಿ ಸೂಚಿಸಿದ್ದಾರೆ. ಹಸುಗೂಸಿನಿಂದ ದೊಡ್ಡವರವರೆಗೆ ಎಂಟು ಗುಂಪು, ಅರ್ಧ ನಂಬರು ಇಲ್ಲ. ಹುಡುಗಿಯರ ಪಾದದ ಬೆಳವಣಿಗೆ 11ನೇ ವಯಸ್ಸಿನ ಹೊತ್ತಿಗೆ, ಹುಡುಗರದು 15-16ರ ಹೊತ್ತಿಗೆ ತುದಿ ಮುಟ್ಟುತ್ತದೆ ಅಂತಲೂ ಅವರಿಗೆ ಕಂಡುಬಂತು. ನಮ್ಮವರ ಪಾದ ಅಗಲ ಅನ್ನುವುದು ಅಲ್ಲೂ ಸಿಕ್ಕಿದೆ. ಅದನ್ನು ಹೇಳಲು ನಮ್ಮ ಅಂಗಡಿಯ ಹುಡುಗನೇ ಸಾಕಿತ್ತು ಅನ್ನಬೇಡಿ, ಅಂದಾಜು ಬೇರೆ, ಅಳತೆ ಬೇರೆ.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ದುಡಿಯುವವರು ಇಲ್ಲಿದ್ದರೆ ಒಂದು ಮಾತು. ನಿಮ್ಮ ಸೇಫ್ಟಿ ಬೂಟಿನ ಮೂತಿಯಲ್ಲಿ ಗಟ್ಟಿ ಟೋಪಿ ಇರುತ್ತದೆ, ಹೆಚ್ಚಾಗಿ ಉಕ್ಕಿನದು. 200 ಜೂಲ್ ಪೆಟ್ಟು ತಡೆಯಬೇಕು ಅಂತ ಮಾನಕ ಇದೆ, ಜೂಲ್ ಅಂದರೆ ಪೆಟ್ಟಿನ ಶಕ್ತಿಯ ಅಳತೆ. ಚರ್ಮ ಹಾಕುತ್ತಾ ಹಾಕುತ್ತಾ ಸಡಿಲಾಗುತ್ತದೆ, ಉಕ್ಕು ಆಗುವುದಿಲ್ಲ. ಮೊದಲ ದಿನ ಬೆರಳು ತಾಗಿದರೆ ಕೊನೆಯ ದಿನವೂ ತಾಗುತ್ತದೆ. ಕೊಟ್ಟ ದಿನವೇ ದಪ್ಪ ಸಾಕ್ಸ್ ಹಾಕಿ ನೋಡಿ, ಬಿಗಿ ಇದ್ದರೆ ಅವತ್ತೇ ಬದಲಿಸಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರು ನಂಬರು, ಪಟ್ಟಿ ಎಲ್ಲ ಆದ ಮೇಲೂ ಬೂಟಿನ ಒಳಗೆ ಕೈ ಆಡಿಸಿ ನೋಡಿ. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಕಚ್ಚುವುದು ಗೊತ್ತೇ ಆಗುವುದಿಲ್ಲ. ಹೊಸ ಜೋಡನ್ನು ಮೊದಲು ಮನೆಯೊಳಗೆ ಅರ್ಧ ಗಂಟೆ ಹಾಕಿ, ತೆಗೆದು, ಪಾದ ಎಲ್ಲಾದರೂ ಕೆಂಪಾಗಿದೆಯಾ ನೋಡಿ.

ಶಿಕ್ಷಕರು ಮುಂದಿನ ಸಾಲಿನಲ್ಲೇ ಕೂತಿದ್ದೀರಿ, ನಿಮಗೂ ಒಂದು ಮಾತು. ಸರ್ಕಾರಿ ಶಾಲೆಯ ಮಕ್ಕಳಿಗೆ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಸಾಕ್ಸ್ ಬರುತ್ತದೆ. ಅದಕ್ಕೆ ನಂಬರಿನ ಪಟ್ಟಿ ಮಾಡುವವರು ನೀವೇ. "ನಿಂದು ಎಷ್ಟೋ?" ಅಂತ ಕೇಳಿದರೆ ಹುಡುಗ ಪಕ್ಕದವನ ಮುಖ ನೋಡಿ "ಮೂರು ಸರ್" ಅನ್ನುತ್ತಾನೆ. ಅವನಿಗೆ ಮಕ್ಕಳ ಮೂರೂ ಗೊತ್ತಿಲ್ಲ, ದೊಡ್ಡವರ ಮೂರೂ ಗೊತ್ತಿಲ್ಲ. ಒಂದು ಮಧ್ಯಾಹ್ನ ವರಾಂಡದಲ್ಲಿ ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಸ್ಕೇಲು ಅಂಟಿಸಿ. ಸ್ಕೇಲಿನ ಸೊನ್ನೆ ಗೋಡೆಗೇ ಇರಲಿ, ಕೆಲವು ಸ್ಕೇಲಿನಲ್ಲಿ ಸೊನ್ನೆಗೆ ಮುಂಚೆ ಐದು ಮಿಲಿಮೀಟರ್ ಖಾಲಿ ಬಿಟ್ಟಿರುತ್ತಾರೆ. ಒಬ್ಬೊಬ್ಬರಾಗಿ ನಿಲ್ಲಿಸಿ, ಹೆಸರಿನ ಮುಂದೆ ಮಿಲಿಮೀಟರ್ ಬರೆಯಿರಿ. ಬೂಟು ಸರಬರಾಜು ಮಾಡುವವರಿಗೆ ಆ ಪಟ್ಟಿಯನ್ನೇ ಕೊಡಿ, ನಂಬರಿಗೆ ತಿರುಗಿಸುವುದು ಅವರ ಕೆಲಸ. ಬೆಳೆಯುವ ಮಕ್ಕಳು, ಬೆರಳ ಮುಂದೆ ಸುಮಾರು ಒಂದು ಸೆಂಟಿಮೀಟರ್ ಇರಲಿ. ಮುಂದಿನ ವರ್ಷಕ್ಕೂ ಆಗಲಿ ಅಂತ ಎರಡು ನಂಬರು ದೊಡ್ಡದು ಕೊಡಿಸುವ ಪಾಲಕರಿದ್ದಾರೆ. ಆ ಹುಡುಗ ಈ ವರ್ಷ ಪೂರ್ತಿ ಮುಗ್ಗರಿಸುತ್ತಾನೆ. ಮುಂದಿನ ವರ್ಷಕ್ಕೆ ಬೂಟೇ ಹರಿದಿರುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೊಲ್ಹಾಪುರಿ ಚಪ್ಪಲಿಗೆ ಈ ಲೆಕ್ಕ ನಡೆಯುತ್ತದಾ ಅಂತ ಕೇಳಿದ್ದಾರೆ. ಅರ್ಧ ನಡೆಯುತ್ತದೆ. ಅದರಲ್ಲಿ ಮುಂದೆ ಮುಚ್ಚಿದ ಜಾಗ ಇಲ್ಲ, ಹಾಗಾಗಿ ಬೆರಳಿಗೆ ಜಾಸ್ತಿ ಜಾಗ ಬಿಡುವ ಮಾತಿಲ್ಲ. ಪಾದದ ಉದ್ದ ಅಟ್ಟೆಯ ಮೇಲೆ ಕೂತರೆ ಆಯಿತು. ಹೆಬ್ಬೆರಳು ಹೋಗುವ ಉಂಗುರ, ಮೇಲಿನ ಪಟ್ಟಿ ಎರಡೂ ಚರ್ಮದ್ದು. ಹೊಸದರಲ್ಲಿ ಬಿಗಿ ಇರುತ್ತದೆ, ಹಾಕಿದಂತೆ ಬಿಡುತ್ತದೆ. ಮೊದಲ ದಿನವೇ ಸಲೀಸಾಗಿ ಹೋದರೆ ತಿಂಗಳಲ್ಲಿ ಕಾಲಿನಿಂದ ಕಳಚುತ್ತದೆ. ಬಿಗಿ ಇದೆ ಅಂತ ದೊಡ್ಡದು ಕೇಳಬೇಡಿ. ಹಿಮ್ಮಡಿ ಅಟ್ಟೆಯಿಂದ ಹೊರಗೆ ಬಂದರೆ ಮಾತ್ರ ಕೇಳಿ.